ಕೋಟೆ ಕಟ್ಸಿದ್ದು ಯಾರು ಸಾ?

ಶಾಲೆ ಟೂರಿಗೆ ಹೊರಡೋ ಮುಂಚೆ ನಾನು ಮಕ್ಕಳ ಹತ್ರ ಒಂದು ಕೆಲಸ ಮಾಡಿಸ್ತೀನಿ. ಯಾವ ಜಾಗಕ್ಕೆ ಹೋಗ್ತೀವೋ ಅದರ ಬಗ್ಗೆ ಒಂದು ಪುಟ ಬರ್ಕೊಂಡು ಬರ್ಬೇಕು, ಎಲ್ಲಿಂದ ಬರ್ಕೊಂಡೆ ಅಂತ ಕೆಳಗೆ ಹಾಕ್ಬೇಕು. ನಮ್ಮದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ ಶಾಲೆ, ನಾನು ಪಾಠ ಮಾಡೋದು ಸಮಾಜ ವಿಜ್ಞಾನ, ಇದು ನಡೆದಿದ್ದು ಒಂಬತ್ತನೇ ಕ್ಲಾಸಲ್ಲಿ. ಹೋದ ಡಿಸೆಂಬರಲ್ಲಿ ಉತ್ತರ ಕನ್ನಡದ ಕಡೆ ಹೋಗೋದು ಅಂತಾಯ್ತು, ಜೋಗ, ಹೊನ್ನಾವರ, ಕುಮಟಾ ಹತ್ರದ ಮಿರ್ಜಾನ್ ಕೋಟೆ, ಆಮೇಲೆ ಗೋಕರ್ಣ. ಬುಕ್ ಇಸ್ಕೊಂಡು ನೋಡಿದ್ರೆ ಮಿರ್ಜಾನ್ ಬಗ್ಗೆ ಬರೆದವರೆಲ್ಲ ಹೆಚ್ಚುಕಮ್ಮಿ ಒಂದೇ ಬರಹ ಬರ್ದಿದ್ರು, ಕೆಳಗೂ ಎಲ್ಲರದ್ದು ಒಂದೇ ಹೆಸರು, ಯಾರು ಬೇಕಾದ್ರೂ ತಿದ್ದಬಹುದಲ್ಲ ಆ ಆನ್‌ಲೈನ್ ವಿಶ್ವಕೋಶ. ಅಪ್ಪನ ಫೋನಲ್ಲಿ ಇಂಗ್ಲಿಷ್ ಪುಟ ತೆಗ್ದು, ಫೋನಲ್ಲೇ ಕನ್ನಡ ಮಾಡ್ಕೊಂಡು, ಬುಕ್ಕಿಗೆ ಇಳಿಸಿದ್ರು. ಅದಕ್ಕೆ ನಾನು ಬೈಯಲಿಲ್ಲ. ನಮ್ಮ ಊರಲ್ಲಿ ಲೈಬ್ರರಿ ಇಲ್ಲ, ಮಂಡ್ಯಕ್ಕೋ ಮೈಸೂರಿಗೋ ಬಸ್ ಹತ್ತಬೇಕು, ಆ ಪುಟ ಇಲ್ದಿದ್ರೆ ಈ ಮಕ್ಕಳು ಮಿರ್ಜಾನ್ ಅನ್ನೋ ಹೆಸರು ಓದೋಕೂ ಆಗ್ತಿರಲಿಲ್ಲ.

ಆದ್ರೆ ಹಿಂದಿನ ಬೆಂಚಿನ ಹುಡುಗ ಒಬ್ಬ ಎದ್ದು ನಿಂತ. ಶ್ರೀರಂಗಪಟ್ಟಣದ ಗಂಜಾಂ ಕಡೆಯವನು, ಮಾತು ಕಮ್ಮಿ. "ಸಾ, ಕೋಟೆ ಕಟ್ಸಿದ್ದು ಯಾರು ಸಾ? ನಾನ್ ಬರ್ಕೊಂಡಿರದ್ರಲ್ಲಿ ಮೂರ್ ಜನ ಅವ್ರೆ."

ನಿಜ. ಅವನ ಬುಕ್ ತಗೊಂಡು ಓದ್ದೆ. ಮೊದಲು ಕರಾವಳಿಯ ಮುಸ್ಲಿಮರಾದ ನವಾಯತ ಸುಲ್ತಾನರು 1200ರ ಆಸುಪಾಸಲ್ಲಿ ಕಟ್ಟಿಸಿದ್ರು ಅಂತಿತ್ತು. ಆಮೇಲೆ, 16ನೇ ಶತಮಾನದಲ್ಲಿ ಗೇರುಸೊಪ್ಪೆ ರಾಣಿ ಚೆನ್ನಭೈರಾದೇವಿ ಕಟ್ಟಿಸಿದ್ಲು ಅಂತಾನೂ ಹೇಳ್ತಾರೆ. ಆಮೇಲೆ, 1608ರಿಂದ 1640ರ ಒಳಗೆ ಬಿಜಾಪುರದ ಷರೀಫ್ ಉಲ್ ಮುಲ್ಕ್ ಕಟ್ಟಿಸಿದ ಅಂತಾನೂ ಇದೆ. ಮೂರೂ ವಾಕ್ಯ ಒಂದೇ ದನಿಯಲ್ಲಿ, ಒಂದರ ಹಿಂದೆ ಒಂದು, ಬಸ್ಸಿಗೆ ಕ್ಯೂ ನಿಂತ ಹಾಗೆ. ಮೊದಲನೇದಕ್ಕೂ ಕೊನೇದಕ್ಕೂ ಮಧ್ಯ 400 ವರ್ಷ. ಮಿಕ್ಕ ಮಕ್ಕಳು ಮೂರರಲ್ಲಿ ತಮಗೆ ಇಷ್ಟ ಆಗಿದ್ದನ್ನ ಆರಿಸ್ಕೊಂಡು ಬರ್ದಿದ್ರು, ಹೆಣ್ಣು ಮಕ್ಕಳು ಬಹುಪಾಲು ರಾಣಿ ಕಡೆ. ಈ ಹುಡುಗ ಒಬ್ಬನೇ ಮೂರನ್ನೂ ಬರ್ದು ಅದರ ಮುಂದೆ ಒಂದು ದೊಡ್ಡ ಪ್ರಶ್ನೆ ಚಿಹ್ನೆ ಹಾಕಿದ್ದ. ಆ ಚಿಹ್ನೆ ನೋಡಿ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಇಪ್ಪತ್ತು ವರ್ಷದ ಪಾಠದಲ್ಲಿ ಅಂಥ ಖುಷಿ ನನಗೆ ಕೈಬೆರಳಲ್ಲಿ ಎಣಿಸೋಷ್ಟು ಸಲ ಸಿಕ್ಕಿರಬಹುದು.

ಅವತ್ತು ರಾತ್ರಿ ಊಟ ಆದ್ಮೇಲೆ ಆ ಲೇಖನ ತೆಗೆದು ಕೂತೆ. ಮೇಲಿಂದ ಕೆಳಗೆ ಒಂದ್ಸಲ ಓದಿ ಬಿಡೋದಲ್ಲ, ಪ್ರಿಂಟ್ ತೆಗ್ದು, ಕೆಂಪು ಪೆನ್ನು ಹಿಡ್ಕೊಂಡು, ಒಂದೊಂದು ವಾಕ್ಯದ ಮುಂದೆ ನಿಂತು "ಇದನ್ನ ಹೇಳಿದ್ದು ಯಾರು, ಯಾವಾಗ ಹೇಳಿದ್ದು, ಅವರಿಗೆ ಹೆಂಗ್ ಗೊತ್ತಾಯ್ತು" ಅಂತ ಕೇಳೋದು. ಉತ್ತರ ಪತ್ರಿಕೆ ತಿದ್ದೋನಿಗೆ ಇದು ಅಭ್ಯಾಸ ಇರೋ ಕೆಲಸಾನೇ, ಆದ್ರೆ ಇಲ್ಲಿ ಉತ್ತರ ನನಗೇ ಮೊದಲು ಗೊತ್ತಿರಬೇಕಲ್ಲ, ಹಂಗಾಗಿ ಒಂದು ರಾತ್ರಿದು ನಾಲ್ಕು ರಾತ್ರಿ ಆಯ್ತು.

ಮೊದಲ ಸಾಲಲ್ಲೇ ಕೋಟೆ ತನ್ನ ವಾಸ್ತುಶಿಲ್ಪದ ಸೊಬಗಿಗೆ ಹೆಸರುವಾಸಿ ಅಂತ ಇತ್ತು. ಯಾರಲ್ಲಿ ಹೆಸರುವಾಸಿ? ಇದು ಟೂರಿಸ್ಟ್ ಪಾಂಪ್ಲೆಟಿನ ಮಾತು, ವಿಶ್ವಕೋಶದ ಮಾತಲ್ಲ. ಗೋಡೆ ಎಷ್ಟು ಎತ್ತರ, ಬತ್ತೇರಿ ಯಾವ ಆಕಾರ, ಬಾಗಿಲು ಎಷ್ಟು, ಬಾವಿ ಎಷ್ಟು ಅಂತ ಬರೆದ್ರೆ ಸಾಕು, ಸೊಬಗು ಓದೋನಿಗೆ ತಾನಾಗೇ ಕಾಣತ್ತೆ. ಪುಣ್ಯಕ್ಕೆ ಅದೆಲ್ಲ ಕೆಳಗೆ ಇತ್ತು, ಹತ್ತು ಎಕರೆಯಷ್ಟು ಜಾಗ, ಎರಡು ಸುತ್ತಿನ ಗೋಡೆ, ಗುಂಡನೆ ಬತ್ತೇರಿಗಳು, ನಾಲ್ಕು ಬಾಗಿಲು, ಬಾವಿಗಳಿಂದ ಹೊರಗಿನ ಕಂದಕಕ್ಕೆ ಹೋಗೋ ದಾರಿ. ಆ ಭಾಗ ಬರೆದವರು ಯಾರೋ ಕೋಟೆಯೊಳಗೆ ಕಾಲಿಟ್ಟು ನಡೆದು ನೋಡಿ ಬರೆದವರು ಅಂತ ನನಗೆ ಅನ್ನಿಸ್ತು, ಲೇಖನದಲ್ಲಿ ನಂಬಿಕೆ ಬಂದಿದ್ದೇ ಅಲ್ಲಿ.

ಆಮೇಲೆ ಕಟ್ಟಿಸಿದವರ ವಿಚಾರ. ಅಡಿಟಿಪ್ಪಣಿ ಒಂದೊಂದನ್ನೇ ಒತ್ತಿ ನೋಡ್ದೆ. ಕೆಲವು ಲಿಂಕ್ ತೆಗೆಯಲೇ ಇಲ್ಲ. ತೆಗೆದವುಗಳಲ್ಲಿ ಪ್ರವಾಸದ ವೆಬ್‌ಸೈಟು, ಪೇಪರಿನ ಭಾನುವಾರದ ಬರಹ, ಇಂಥವೇ. ಒಂದರಲ್ಲಿರೋ ವಾಕ್ಯ ಇನ್ನೊಂದರಲ್ಲಿ ಪದಕ್ಕೆ ಪದ ಇತ್ತು. ಯಾರು ಯಾರನ್ನ ನೋಡಿ ಬರೆದ್ರೋ, ಈಗ ವಿಶ್ವಕೋಶ ಅವರನ್ನ ತೋರಿಸತ್ತೆ, ಅವರು ಯಾರನ್ನೂ ತೋರಿಸಲ್ಲ. ನಮ್ಮ ಮಂಡ್ಯ ಬೆಲ್ಲದ ಮಂಡೀಲಿ ಬೆಳಿಗ್ಗೆ ಒಬ್ಬ ಒಂದು ರೇಟು ಹೇಳ್ತಾನೆ, ಹತ್ತು ಗಂಟೆ ಹೊತ್ತಿಗೆ ಅದೇ ರೇಟನ್ನ ಹತ್ತು ಬಾಯಲ್ಲಿ ಕೇಳ್ತೀವಿ, ಕೇಳೋನಿಗೆ ಹತ್ತು ಜನ ಹೇಳಿದ ಹಾಗೆ ಇರತ್ತೆ, ಹೇಳಿದ್ದು ಮಾತ್ರ ಒಬ್ಬನೇ. ಆ ಒಬ್ಬ ಯಾರು ಅಂತ ಆಲೆಮನೆಯೋನು ಹುಡುಕ್ಕೊಂಡು ಹೋಗ್ತಾನೆ, ಯಾಕಂದ್ರೆ ಅವನ ದುಡ್ಡು ಅದರಲ್ಲಿದೆ.

1200ರ ಮಾತನ್ನೇ ತಗೊಳಿ. ಕರಾವಳಿಯಲ್ಲಿ ಆ ಕಾಲದ ಆಚೆಈಚೆ ಮುಸ್ಲಿಂ ವ್ಯಾಪಾರಿಗಳು, ಆಳುವವರು ಇದ್ದದ್ದು ಸುಳ್ಳಲ್ಲ. 14ನೇ ಶತಮಾನದ ಮಧ್ಯದಲ್ಲಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದಿದ್ದ, ಅಲ್ಲಿನ ಸುಲ್ತಾನ ಜಮಾಲುದ್ದೀನ್ ಬಗ್ಗೆ ಬರೆದಿದ್ದಾನೆ, ಊರಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ಕಂಡೆ ಅಂತ ಲೆಕ್ಕ ಕೊಟ್ಟಿದ್ದಾನೆ. ಹುಡುಗಿಯರಿಗೆ 13 ಶಾಲೆ, ಸುಮಾರು 680 ವರ್ಷದ ಹಿಂದೆ, ಅದನ್ನ ಓದಿದಾಗ ನಾನು ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆದ್ರೆ ಹೊನ್ನಾವರದಲ್ಲಿ ಒಬ್ಬ ಸುಲ್ತಾನ ಇದ್ದ ಅನ್ನೋದಕ್ಕೂ, ಅದಕ್ಕೂ ನೂರು ವರ್ಷಕ್ಕಿಂತ ಹಿಂದೆ ಮಿರ್ಜಾನಲ್ಲಿ ಈಗ ನಿಂತಿರೋ ಇದೇ ಕೋಟೆ ಕಟ್ಟಿದ್ರು ಅನ್ನೋದಕ್ಕೂ ಮಧ್ಯ ಬಹಳ ಮೆಟ್ಟಿಲು ಇದೆ. ಲೇಖನ ಒಂದು ಮೆಟ್ಟಿಲನ್ನೂ ತೋರಿಸದೆ ನಮ್ಮನ್ನ ನೇರ ಮೇಲಕ್ಕೆ ಹತ್ತಿಸಿಬಿಡತ್ತೆ.

ಮಾರನೇ ದಿನ ಕ್ಲಾಸಲ್ಲಿ ನಾನು ಮಿರ್ಜಾನ್ ಬಿಟ್ಟು ನಮ್ಮ ಕೋಟೆ ಕೇಳ್ದೆ. "ಶ್ರೀರಂಗಪಟ್ಟಣದ ಕೋಟೆ ಕಟ್ಸಿದ್ದು ಯಾರ್ರಪ್ಪ?" ಎಲ್ಲರೂ ಒಂದೇ ಸಲ "ಟಿಪ್ಪು ಸುಲ್ತಾನ್" ಅಂದ್ರು. ಆಗ ಬೋರ್ಡ್ ಮೇಲೆ ಬರ್ದೆ. 1454ರಲ್ಲಿ ತಿಮ್ಮಣ್ಣ ನಾಯಕ ಕಟ್ಟಿಸಿದ ಅನ್ನೋದು ನಡ್ಕೊಂಡು ಬಂದಿರೋ ಮಾತು. 1610ರಲ್ಲಿ ವಿಜಯನಗರದ ಪ್ರತಿನಿಧಿ ಕೈಯಿಂದ ರಾಜ ಒಡೆಯರು ಪಟ್ಟಣ ತಗೊಂಡ್ರು, ಅಂದ್ರೆ ತಗೊಳ್ಳೋಕೆ ಆಗ್ಲೇ ಕೋಟೆ ಇತ್ತು. ಆಮೇಲೆ ಹೈದರಾಲಿ, ಟಿಪ್ಪು ಗಟ್ಟಿ ಮಾಡಿಸಿದ್ರು, 1799ರ ಮೇ 4ಕ್ಕೆ ಇಂಗ್ಲಿಷರು ಗೋಡೆ ಒಡೆದ ಜಾಗ ಈಗಲೂ ಕಾಣತ್ತೆ. ಈಗ ಹೇಳಿ, ಕಟ್ಸಿದ್ದು ಯಾರು? ಒಬ್ಬಳು ಹುಡುಗಿ "ಎಲ್ರೂವೆ" ಅಂದ್ಲು. ಗಂಜಾಂ ಹುಡುಗ "ಮೊದಲು ಕಟ್ಟಿದ್ದು ಯಾರು, ಆಮೇಲೆ ಏನೇನ್ ಸೇರಿಸಿದ್ರು ಅಂತ ಬೇರೆ ಬೇರೆ ಬರೀಬೇಕು ಸಾ" ಅಂದ. ನೋಡಿ, ಲೇಖನಕ್ಕೆ ಬೇಕಿದ್ದಿದ್ದು ಅಷ್ಟೇ. ಕಟ್ಟಿಸಿದ್ದು ಅನ್ನೋ ಒಂದೇ ಪದದಲ್ಲಿ ಮಣ್ಣಿನ ದಿಂಡು ಹಾಕಿದ್ದು, ಅದಕ್ಕೆ ಕಲ್ಲು ಕಟ್ಟಿದ್ದು, ಬಿದ್ದ ಗೋಡೆ ಎತ್ತಿದ್ದು, ಹೊಸ ಬಾಗಿಲು ಇಟ್ಟಿದ್ದು ಎಲ್ಲಾ ಸೇರ್ಕೊಂಡುಬಿಡತ್ತೆ. ಮಿರ್ಜಾನಿನ ಮೂರು ಹೆಸರಿನಲ್ಲಿ ಎರಡು ಹೆಸರು ಒಟ್ಟಿಗೇ ನಿಜ ಇರೋಕೂ ಸಾಧ್ಯ ಇದೆ, ಲೇಖನ ಅವರನ್ನ ಒಬ್ಬರ ಎದುರಿಗೆ ಒಬ್ಬರನ್ನ ನಿಲ್ಲಿಸಿದೆ ಅಷ್ಟೇ.

ರಾಣಿ ವಿಷಯಕ್ಕೆ ಬರ್ತೀನಿ, ನನಗೆ ಹೊಟ್ಟೆ ಉರಿದಿದ್ದು ಅಲ್ಲೇ. ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದಳು ಅಂತ ಸಾಮಾನ್ಯವಾಗಿ ಹೇಳೋದು. ಜೈನ ಮನೆತನ, ಸಾಳುವರು, ಶರಾವತಿ ದಡದ ಗೇರುಸೊಪ್ಪೆ ರಾಜಧಾನಿ, ಅಲ್ಲಿನ ಚತುರ್ಮುಖ ಬಸದಿ ಇವತ್ತಿಗೂ ಕಾಡಿನ ಮಧ್ಯ ನಿಂತಿದೆ. ಘಟ್ಟದ ಕಾಳುಮೆಣಸು ನದಿ ಇಳಿದು ಸಮುದ್ರ ಸೇರೋ ದಾರಿ ಅವಳ ಕೈಯಲ್ಲಿತ್ತು, ಅದಕ್ಕೇ ಪೋರ್ಚುಗೀಸರು ಅವಳನ್ನ ರೈನಾ ದ ಪಿಮೆಂತ, ಮೆಣಸಿನ ರಾಣಿ ಅಂತ ಕರೆದಿದ್ದು. ಲೇಖನದಲ್ಲಿ ಇವಳಿಗೆ ಸಿಕ್ಕಿರೋದು ಎರಡೋ ಮೂರೋ ಸಾಲು, ಆ ಬಿರುದು ಹೇಳಿ ಮುಗಿಸಿಬಿಟ್ಟಿದ್ದಾರೆ. ಬಿರುದು ಎಲ್ಲಿಂದ ಬಂತು? ಪಿಯೆತ್ರೊ ದೆಲ್ಲಾ ವಾಲೆ ಅನ್ನೋ ಇಟಲಿಯವನು 1623ರಲ್ಲಿ ಗೋವಾದಿಂದ ಹೊನ್ನಾವರಕ್ಕೆ ಬಂದು, ದೋಣೀಲಿ ಗೇರುಸೊಪ್ಪೆವರೆಗೆ ಹೋಗಿ, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅಷ್ಟೊತ್ತಿಗೆ ಗೇರುಸೊಪ್ಪೆ ಅರಮನೆ ಹಾಳುಬಿದ್ದು ಒಳಗೆಲ್ಲ ಗಿಡಮರ ಬೆಳೆದಿತ್ತು. ಪೋರ್ಚುಗೀಸರು ರಾಣಿಯನ್ನ ಹೀಗೆ ಕರೀತಿದ್ರು ಅಂತ ಅವನು ಬರೆದ, ರಾಣಿ ಒಬ್ಬ ಹೊರಗಿನವನನ್ನ ನಂಬಿ ಕೆಟ್ಟಳು, ರಾಜ್ಯ ಇಕ್ಕೇರಿಯ ವೆಂಕಟಪ್ಪ ನಾಯಕನ ಪಾಲಾಯ್ತು ಅನ್ನೋ ಕತೆಯನ್ನೂ ಬರೆದ.

ಇಲ್ಲಿ ನಿಂತು ಕೇಳಬೇಕು, ಆ ಕತೆ ಅವನಿಗೆ ಹೇಳಿದವರು ಯಾರು? ಅವನು ಹೋಗ್ತಿದ್ದದ್ದು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ, ಪೋರ್ಚುಗೀಸ್ ರಾಯಭಾರಿ ಜೊತೆ. ಒಂದು ಕಡೆ ರಾಣಿಯನ್ನ ಗೆದ್ದವರು, ಇನ್ನೊಂದು ಕಡೆ ಅವಳ ಜೊತೆ ಮೆಣಸಿನ ವ್ಯಾಪಾರ ಮಾಡಿ, ಅದೇ ಮೆಣಸಿಗಾಗಿ ಜಗಳಾನೂ ಆಡಿದವರು. ಇಬ್ಬರ ಮಧ್ಯ ಕೂತು ಕೇಳಿದ ಕತೇಲಿ ಹೆಂಗಸಿನ ನಡತೆ ಬಗ್ಗೆ ಮಾತು ಬಂದಿದೆ, 54 ವರ್ಷ ಬಂದರು, ಸುಂಕ, ಹಡಗು ಎಲ್ಲಾ ಹೆಂಗ್ ನಡೆಸಿದಳು ಅನ್ನೋದು ಬಂದಿಲ್ಲ. ಕೋಟೆ ಬಗ್ಗೆ ಬರೆಯೋ ಲೇಖನ ಇದನ್ನ ಒಂದು ಪ್ಯಾರಾದಲ್ಲಿ ಹೇಳಬೇಕಿತ್ತು. ಅವಳು ಆ ಕೋಟೆ ಗೋಡೆಗೆ ಇಟ್ಟ ಮೊದಲ ಕಲ್ಲು ಯಾವುದು ಅಂತ ತೋರಿಸೋಕೆ ಆಗದೆ ಇರಬಹುದು, ಆದ್ರೆ ಅಲ್ಲಿ ಕೋಟೆ ಯಾಕೆ ಬೇಕಿತ್ತು ಅನ್ನೋದಕ್ಕೆ ಉತ್ತರ ಇರೋದೇ ಅವಳ ಮೆಣಸಿನ ಮೂಟೇಲಿ.

ಮೂರನೇ ರಾತ್ರಿ ಸಿಕ್ಕಿದ್ದು ನಾಣ್ಯ. 2000-01ರಲ್ಲಿ ಪುರಾತತ್ವ ಇಲಾಖೆಯವರು ಕೋಟೆಯೊಳಗೆ ಉತ್ಖನನ ಮಾಡಿದಾಗ ಫಿರಂಗಿ ಗುಂಡು, ಚೀನಾದ ಪಿಂಗಾಣಿ ಚೂರು, ಜೊತೆಗೆ ಒಂದು ಚಿನ್ನದ ನಾಣ್ಯ ಸಿಕ್ತು, ಅದು 1652ರಲ್ಲಿ ಟಂಕಿಸಿದ್ದು, ಪೋರ್ಚುಗೀಸ್ ವೈಸರಾಯ್ ಕೊಂಡೆ ದ ಸರ್ಜೇದಾಸ್‌ಗೆ ಸಂಬಂಧಪಟ್ಟಿದ್ದು ಅಂತ ಲೇಖನ ಹೇಳತ್ತೆ. ಮಕ್ಕಳಿಗೆಲ್ಲ ಇದು ಬಹಳ ಇಷ್ಟ ಆಗಿತ್ತು, ಚಿನ್ನ ಅಲ್ವಾ. ನಾನೂ ಮೊದಲು ಖುಷಿಯಾಗೇ ಓದ್ದೆ, ಇಸವಿ ಇದೆ, ಹೆಸರಿದೆ, ಅಗೆದವರು ಯಾರು ಅಂತಿದೆ, ಲೇಖನದಲ್ಲಿ ಇಷ್ಟು ಗಟ್ಟಿಯಾದ ಸಾಲು ಇನ್ನೊಂದಿಲ್ಲ. ಆಮೇಲೆ ಸುಮ್ನೆ ಒಂದು ಅನುಮಾನಕ್ಕೆ ಗೋವಾದ ವೈಸರಾಯ್‌ಗಳ ಪಟ್ಟಿ ತೆಗ್ದೆ.

1652ರಲ್ಲಿ ಗೋವಾಕ್ಕೆ ವೈಸರಾಯ್ ಆಗಿ ಬಂದವನು ಕೊಂಡೆ ದ ಓಬಿದೋಸ್. ಮರು ವರ್ಷವೇ ಗೋವಾದಲ್ಲಿದ್ದ ಪೋರ್ಚುಗೀಸರೇ ಅವನ ಮೇಲೆ ತಿರುಗಿಬಿದ್ದು ಕೆಳಗಿಳಿಸಿದ್ರು, ಬ್ರಾಸ್ ದ ಕಾಸ್ತ್ರೊ ಅನ್ನೋನು ಅಧಿಕಾರ ಹಿಡ್ಕೊಂಡ. ಸರ್ಜೇದಾಸ್ ಬಂದಿದ್ದು 1655ರಲ್ಲಿ, 1656ರ ಜನವರಿಯಲ್ಲೇ ತೀರ್ಕೊಂಡ. ಅಂದ್ರೆ 1652ರ ನಾಣ್ಯಕ್ಕೂ ಸರ್ಜೇದಾಸ್‌ಗೂ ತಾಳೆ ಆಗಲ್ಲ. ಇಸವಿ ತಪ್ಪಿರಬೇಕು, ಇಲ್ಲ ವೈಸರಾಯ್ ಹೆಸರು ತಪ್ಪಿರಬೇಕು, ಎರಡೂ ಒಟ್ಟಿಗೆ ಸರಿ ಇರೋಕೆ ಆಗಲ್ಲ.

ಮೂರು ವರ್ಷದ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕಾ ಅಂತ ಮನೇಲಿ ಕೇಳಿದ್ರು. ಕೆಡಿಸ್ಕೋಬೇಕು, ಯಾಕಂದ್ರೆ ಆ ಮೂರು ವರ್ಷದ ಒಳಗೇ ಕರಾವಳಿ ಕೈ ಬದಲಾಗಿದ್ದು. ಕೆಳದಿ ಶಿವಪ್ಪ ನಾಯಕ ಬಸ್ರೂರು, ಮಂಗಳೂರು, ಹೊನ್ನಾವರ ಕೋಟೆಗಳಿಂದ ಪೋರ್ಚುಗೀಸರನ್ನ ಹೊರಗೆ ಹಾಕಿದ್ದು 1652ರಿಂದ 1654ರ ಹೊತ್ತಿಗೆ. ನಾಣ್ಯ ಅದಕ್ಕಿಂತ ಮುಂಚಿನದು ಅಂದ್ರೆ ಮಿರ್ಜಾನಿಂದ ಹತ್ತಿರದಲ್ಲೇ ಪೋರ್ಚುಗೀಸ್ ಕೋಟೆ ಇದ್ದ ಕಾಲದ್ದು. ಆಮೇಲಿನದು ಅಂದ್ರೆ ಅವರನ್ನ ಓಡಿಸಿ ಆದ್ಮೇಲೂ ಅವರ ಚಿನ್ನ ಈ ಬಂದರಿಗೆ ಬರ್ತಾನೇ ಇತ್ತು ಅಂತಾಗತ್ತೆ, ಜಗಳ ಒಂದು ಕಡೆ, ಮೆಣಸಿನ ವ್ಯಾಪಾರ ಒಂದು ಕಡೆ. ಎರಡು ಬೇರೆ ಬೇರೆ ಚರಿತ್ರೆ ಅವು. ಅದೇ ಶಿವಪ್ಪ ನಾಯಕ ಮುಂದೆ ನಮ್ಮ ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದ್ದ ಅಂದಾಗ ಮಕ್ಕಳು ಕಣ್ಣರಳಿಸಿದ್ರು, ಅಲ್ಲೀವರೆಗೆ ಅವರಿಗೆ ಸಮುದ್ರದ ಕೋಟೆ ಅಂದ್ರೆ ಬೇರೆ ದೇಶದ ವಿಷಯ ಆಗಿತ್ತು.

ಹಿಂಗೆ ನಮ್ಮೂರಿಗೂ ಅಲ್ಲಿಗೂ ಇನ್ನೊಂದು ಎಳೆ ಇದೆ, ಅದೂ ಲೇಖನದಲ್ಲಿಲ್ಲ. ಕೋಟೆ ಸುತ್ತ ಹಲವು ಯುದ್ಧ ನಡೆದಿದೆ ಅಂತ ಮೊದಲ ಪ್ಯಾರಾದಲ್ಲಿ ಹೇಳಿ ಮುಂದೆ ಸರಿಯಾಗಿ ಬಿಡಿಸಿ ಹೇಳೋದೇ ಇಲ್ಲ. 1782ರ ಕೊನೇಲಿ, ಹೈದರಾಲಿ ತೀರ್ಕೊಂಡ ತಿಂಗಳು, ಬೊಂಬಾಯಿಯಿಂದ ಜನರಲ್ ಮ್ಯಾಥ್ಯೂಸ್ ಅನ್ನೋನು ಸೈನ್ಯ ತಗೊಂಡು ಬಂದು ಇಳಿದಿದ್ದು ಮಿರ್ಜಾನ್ ಪಕ್ಕದಲ್ಲೇ ಹರಿಯೋ ಅಘನಾಶಿನಿಯ ಅಳಿವೆ ಹತ್ರ. ಅಲ್ಲಿಂದ ಹೊನ್ನಾವರ ಹಿಡಿದು, ಘಟ್ಟ ಹತ್ತಿ, 1783ರ ಜನವರಿಯಲ್ಲಿ ಕೆಳದಿಯವರ ಹಳೇ ರಾಜಧಾನಿ ಬಿದನೂರು ತಗೊಂಡ. ಟಿಪ್ಪು ಬಂದು ಮುತ್ತಿಗೆ ಹಾಕಿ ವಾಪಸ್ ಕಿತ್ಕೊಂಡ. ಮ್ಯಾಥ್ಯೂಸ್ ಸೆರೆಯಾಗಿ, ಅದೇ ವರ್ಷ ಸತ್ತಿದ್ದು ಎಲ್ಲಿ? ಶ್ರೀರಂಗಪಟ್ಟಣದ ಸೆರೇಲಿ. ನಮ್ಮ ಮಕ್ಕಳು ಆಟ ಆಡೋ ಕೋಟೆಯೊಳಗೆ. ಅಳಿವೇಲಿ ಶುರುವಾಗಿದ್ದು ಕಾವೇರಿ ದಡದಲ್ಲಿ ಮುಗಿದಿದೆ.

ಡಿಸೆಂಬರ್ ಎರಡನೇ ವಾರ ಹೊರಟ್ವಿ. ಜೋಗ ನೋಡ್ಕೊಂಡು ಗೇರುಸೊಪ್ಪೆ ಘಾಟಿ ಇಳಿದ್ವಿ, ತಿರುವು ತಿರುವಿಗೂ ಯಾರೋ ಒಬ್ಬರು ವಾಂತಿ, ಆದ್ರೂ ಗೇರುಸೊಪ್ಪೆ ಬೋರ್ಡ್ ಕಂಡಾಗ ಹುಡುಗಿಯರು "ರಾಣಿ ಊರು, ರಾಣಿ ಊರು" ಅಂತ ಕಿಟಕಿಗೆ ಮುಗಿಬಿದ್ರು. ಹೊನ್ನಾವರದಲ್ಲಿ ರಾತ್ರಿ ಉಳ್ಕೊಂಡು ಬೆಳಿಗ್ಗೆ ಕುಮಟಾ ದಾಟಿ ಮಿರ್ಜಾನ್ ಮುಟ್ಟಿದ್ವಿ. ಹೈವೇಯಿಂದ ಅರ್ಧ ಕಿಲೋಮೀಟರ್ ಅಂತ ಲೇಖನದಲ್ಲಿತ್ತು, ಅದು ಸರಿ ಇತ್ತು. ಗೋಕರ್ಣಕ್ಕೆ ಅಲ್ಲಿಂದ 11 ಕಿಲೋಮೀಟರ್ ಅಂತಾನೂ ಇತ್ತು, ಅದಕ್ಕೆ ಸಾಯಂಕಾಲ ಡ್ರೈವರಣ್ಣನ ಪಕ್ಕ ಒಬ್ಬ ಹುಡುಗನ್ನ ಕೂರಿಸಿ ಮೀಟರ್ ನೋಡೋಕೆ ಹೇಳಿದ್ದೆ, 20ರ ಮೇಲೆ ಆಯ್ತು. ಫೋನಿನ ಮ್ಯಾಪಲ್ಲಿ ಸ್ಕೇಲ್ ಇಟ್ಟು ನೋಡಿದ್ರೆ ಗೆರೆ ಎಳೆದ ಹಾಗೆ ನೇರ ಹೋದ್ರೆ ಮಾತ್ರ ಆ ಲೆಕ್ಕದ ಆಸುಪಾಸು ಬರತ್ತೆ, ಮಧ್ಯ ನೀರು, ಉಪ್ಪುನೀರಿನ ಗಜನಿ ಗದ್ದೆ, ಗುಡ್ಡ. ಕಾಗೆ ಹಾರೋ ದಾರಿನ ಬಸ್ ಹೋಗೋ ದಾರಿ ಅಂತ ಬರೆದುಬಿಟ್ಟಿದ್ದಾರೆ. ಸಣ್ಣ ತಪ್ಪು, ಆದ್ರೆ ಒಂಬತ್ತನೇ ಕ್ಲಾಸಿನ ಹುಡುಗ ಬಸ್ಸಲ್ಲಿ ಕೂತು ಕಂಡುಹಿಡಿಯಬಹುದಾದ ತಪ್ಪು, ಅವನು ಅವತ್ತು ಇಡೀ ದಿನ ಎದೆಯುಬ್ಬಿಸ್ಕೊಂಡು ಓಡಾಡ್ದ.

ಕೋಟೆ ಬಗ್ಗೆ ಏನ್ ಹೇಳ್ಲಿ. ಮೆಟ್ಟಿಲು ಹತ್ತಿ ಬಾಗಿಲು ದಾಟಿದ್ರೆ ಒಳಗೆ ಹುಲ್ಲು, ಬಾವಿಗಳು, ಕುಸಿದ ಅಡಿಪಾಯ, ಗೋಡೆ ಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಪಾಚಿ. ನಮ್ಮ ಕೋಟೆ ಬಿಳೀ ಗ್ರಾನೈಟು, ಇದು ಕೆಂಪು. ಗಂಜಾಂ ಹುಡುಗ ಗೋಡೆಗೆ ಅಂಗೈ ಒತ್ತಿ ತೆಗ್ದು ತೋರಿಸ್ದ, ಕೈಗೆಲ್ಲ ಕುಂಕುಮದ ಥರ ಪುಡಿ. ಕಲ್ಲಿನ ತುಂಬ ಸಣ್ಣ ಸಣ್ಣ ತೂತು. "ಸೆಟ್ ದೋಸೆ ಥರ ಐತೆ ಸಾ" ಅಂದ. ಲೇಖನದಲ್ಲಿ ಒಂದೇ ಪದ, ಲ್ಯಾಟರೈಟ್, ಅಲ್ಲಿಗೆ ಮುಗೀತು. ನಾನು ವರ್ಷವರ್ಷ ಪಾಠದಲ್ಲಿ ಜಂಬಿಟ್ಟಿಗೆ ಮಣ್ಣು ಅಂತ ಹೇಳ್ಕೊಟ್ಟಿದ್ದೀನಿ, ಕೈಯಲ್ಲಿ ಮುಟ್ಟಿ ನೋಡಿದ್ದು ಅವತ್ತೇ. ಅಗೆದು ತೆಗೆದಾಗ ಮೆತ್ತಗಿರತ್ತೆ, ಕೊಡಲಿಯಂಥದ್ರಲ್ಲೇ ಚೌಕ ಮಾಡಿ ಕತ್ತರಿಸಬಹುದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗತ್ತೆ. ಗೋಡೆ ಕಟ್ಟೋಕೆ ಕಲ್ಲನ್ನ ಬೇರೆ ಎಲ್ಲಿಂದಲೂ ತರಬೇಕಿಲ್ಲ, ನಿಂತ ನೆಲವನ್ನೇ ಕತ್ತರಿಸಿ ಕಟ್ಟಬಹುದು. ಕರಾವಳಿ ಉದ್ದಕ್ಕೂ ಈ ಕಲ್ಲಿನ, ಅಂದ್ರೆ ಚಿರೇಕಲ್ಲಿನ ಮನೆ, ಚಿರೇಕಲ್ಲಿನ ಕೋಟೆ ಯಾಕೆ ಅಂತ ಈ ಒಂದು ಮಾತಲ್ಲಿ ಗೊತ್ತಾಗ್ತಿತ್ತು.

ಆ ಲ್ಯಾಟರೈಟ್ ಅನ್ನೋ ಹೆಸರಿಗೂ ಒಂದು ಕತೆ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯನನ್ನ ಕಂಪನಿ ಸರ್ಕಾರ ಮದ್ರಾಸಿಂದ ಕಳಿಸ್ತು, ಗೆದ್ದ ಸೀಮೇಲಿ ಏನೇನಿದೆ ನೋಡ್ಕೊಂಡು ಬಾ ಅಂತ. ಅವನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ, ಆಮೇಲೆ ಮಲಬಾರಿಗಿಳಿದು, 1801ರ ಮೊದಲ ತಿಂಗಳುಗಳಲ್ಲಿ ಕೆನರಾ ಕರಾವಳಿ ಉದ್ದಕ್ಕೂ ಮೇಲೆ ಬಂದ. ಮಲಬಾರಲ್ಲಿ ಈ ಕಲ್ಲು ನೋಡಿ ಲ್ಯಾಟಿನ್ನಿನ ಇಟ್ಟಿಗೆ ಅನ್ನೋ ಪದದಿಂದ ಹೆಸರಿಟ್ಟ, 1807ರಲ್ಲಿ ಅವನ ಪುಸ್ತಕ ಅಚ್ಚಾಗಿ ಪ್ರಪಂಚಕ್ಕೆಲ್ಲ ಅದೇ ಹೆಸರಾಯ್ತು. ಯಾಕೆ ಇಟ್ಟಿಗೆ? ಇಲ್ಲಿನ ಹಲವು ಭಾಷೆಯ ಜನ ಇದನ್ನ ಇಟ್ಟಿಗೆ ಕಲ್ಲು ಅಂತಾರೆ ಅಂತ ಅವನೇ ಬರ್ಕೊಂಡಿದ್ದಾನೆ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆಯಲ್ಲ! ಕಲ್ಲು ಕತ್ತರಿಸೋ ಜನದ ಬಾಯಲ್ಲಿದ್ದ ಮಾತು ಲ್ಯಾಟಿನ್ನಿಗೆ ಹೋಗಿ, ಇಂಗ್ಲಿಷಿಗೆ ಬಂದು, ಈಗ ಮಕ್ಕಳ ಫೋನಲ್ಲಿ ಲ್ಯಾಟರೈಟ್ ಆಗಿ ವಾಪಸ್ ಬಂದಿದೆ. ಇದನ್ನ ಕೋಟೆ ಗೋಡೆ ಹತ್ರ ನಿಂತು ಹೇಳುವಾಗ ನನ್ನ ಗಂಟಲು ತುಂಬಿ ಬಂತು, ಮಕ್ಕಳೂ ಗಲಾಟೆ ನಿಲ್ಲಿಸಿ ಕೇಳಿದ್ರು.

ಹೊರಗೆ ಬರುವಾಗ ಎಳನೀರು ಮಾರೋ ಒಬ್ಬರು ಅಜ್ಜ ಸಿಕ್ಕಿದ್ರು. ಹುಡುಗ ಬಿಡ್ತಾನಾ, ಅವರನ್ನೂ ಕೇಳ್ದ, ಅಜ್ಜ ಕೋಟೆ ಕಟ್ಸಿದ್ದು ಯಾರು ಅಂತ. "ಸರ್ಪಮಲ್ಲಿಕ ಕಟ್ಸಿದ್ದು ಹೇಳಿ ನಮ್ಮಜ್ಜ ಹೇಳ್ತಿದ್ರು" ಅಂದ್ರು ಅವರು. ನಮ್ಮ ಕಡೆ ಅಂತ ಅನ್ನೋ ಕಡೆ ಅಲ್ಲಿನವರು ಹೇಳಿ ಅಂತಾರೆ, ಮಕ್ಕಳಿಗೆ ಮೊದಲು ಅರ್ಥ ಆಗಲಿಲ್ಲ. ಹುಡುಗನ ಮುಖ ಬಾಡಿತು, "ಸಾ, ನಾಲ್ಕನೇಯವನು ಬಂದ." ಬಸ್ಸಲ್ಲಿ ಕೂತು ನಿಧಾನಕ್ಕೆ ಹೇಳು ನೋಡೋಣ ಅಂದೆ, ಷರೀಫ್ ಉಲ್ ಮುಲ್ಕ್, ಷರೀಫುಲ್‌ಮುಲ್ಕ್, ಸರ್ಪಮುಲ್ಕ್, ಸರ್ಪಮಲ್ಲಿಕ. ನಾಲ್ಕನೇ ಸಲಕ್ಕೆ ಅವನಿಗೆ ಹೊಳೀತು, ಸೀಟಿಂದ ಎದ್ದೇಬಿಟ್ಟ. ಅಂಕೋಲಾ ಕೋಟೆಗೂ ಆ ಕಡೆ ಜನ ಸರ್ಪಮಲ್ಲಿಕನ ಹೆಸರೇ ಹೇಳೋದು. ಪಾರಸಿ ಕಾಗದದಲ್ಲಿದ್ದ ಬಿಜಾಪುರದ ಅಧಿಕಾರಿಯ ಬಿರುದು, ಅಜ್ಜನಿಂದ ಮೊಮ್ಮಗನಿಗೆ, ಹಾವಿನ ಹೆಸರಾಗಿ ಉಳ್ಕೊಂಡಿದೆ. ಲೇಖನದಲ್ಲಿ ಮೂರನೇ ಸಾಲಲ್ಲಿದ್ದ ಹೆಸರಿಗೆ ಊರವರ ಬಾಯಿಂದ ಒಂದು ಸಾಕ್ಷಿ ಸಿಕ್ತು, ಅದೂ ಎಳನೀರು ಕೊಚ್ಚೋ ಕೈಯಿಂದ.

ಬಂದ ಮೇಲೆ ವಿಶ್ವಕೋಶದಲ್ಲಿ ನಾನೇ ಒಂದು ಖಾತೆ ಮಾಡ್ಕೊಂಡೆ. ಗೋಕರ್ಣದ ದೂರ ತಿದ್ದಿದ್ದೀನಿ. ನಾಣ್ಯದ ಸಾಲನ್ನ ತಿದ್ದಿಲ್ಲ, ಯಾವುದು ತಪ್ಪು ಅಂತ ಕೈಯಲ್ಲಿ ಕಾಗದ ಇಲ್ಲದೆ ಒಂದನ್ನ ಅಳಿಸೋದು ನ್ಯಾಯ ಅಲ್ಲ, ಅದರ ಬದಲು ಚರ್ಚೆಯ ಪುಟದಲ್ಲಿ ವೈಸರಾಯ್‌ಗಳ ಇಸವಿ ಹಾಕಿ, ಉತ್ಖನನದ ವರದಿ ನೋಡಿದವರು ದಯವಿಟ್ಟು ನೋಡಿ ಅಂತ ಬರ್ದಿದ್ದೀನಿ. ಸೊಬಗಿನ ಮಾತನ್ನ ತೆಗೆದೆ, ಎರಡೇ ದಿನಕ್ಕೆ ಯಾರೋ ವಾಪಸ್ ಹಾಕಿದ್ರು. ಇರ್ಲಿ, ಅವರಿಗೂ ಆ ಕೋಟೆ ಮೇಲೆ ಪ್ರೀತಿ ಇದೆ ಅಂತಾಯ್ತು, ಕಾರಣ ಬರೆದು ಕೇಳಿದ್ದೀನಿ.

ಮಕ್ಕಳು ಶಾಲೆ ಗೋಡೆ ಪತ್ರಿಕೆಗೆ ತಮ್ಮದೇ ಒಂದು ಲೇಖನ ಬರ್ದಿದ್ದಾರೆ. ಮೊದಲ ಸಾಲು ಹೀಗಿದೆ: "ಮಿರ್ಜಾನ್ ಕೋಟೆ ಯಾರು ಕಟ್ಟಿಸಿದರು ಎಂಬುದಕ್ಕೆ ಮೂರು ಮಾತುಗಳಿವೆ, ಯಾವ ಮಾತನ್ನು ಯಾರು ಹೇಳಿದರು ಎಂದು ಪಕ್ಕದಲ್ಲೇ ಬರೆದಿದ್ದೇವೆ." ಅಜ್ಜನ ಮಾತನ್ನೂ ಹಾಕಿದ್ದಾರೆ, ಎಳನೀರು ಮಾರುವವರು, ಮಿರ್ಜಾನ್, ಡಿಸೆಂಬರ್ ಅಂತ. ಈ ಶನಿವಾರ ಮಧ್ಯಾಹ್ನ ಶ್ರೀರಂಗಪಟ್ಟಣಕ್ಕೆ ಹೋಗೋದು ಅಂತ ಅವರೇ ತೀರ್ಮಾನ ಮಾಡ್ಕೊಂಡಿದ್ದಾರೆ, ಟಿಪ್ಪು ದೇಹ ಸಿಕ್ಕಿದ್ದು ಇಲ್ಲಿ ಅಂತ ಒಂದು ಕಲ್ಲಿದೆಯಲ್ಲ, ಅಲ್ಲಿಂದ ಶುರು. ಇಲ್ಲೇ ಸಿಕ್ಕಿದ್ದು ಅಂತ ಹೇಳಿದ್ದು ಯಾರು, ಯಾವಾಗ ಹೇಳಿದ್ದು ಅಂತ ಗಂಜಾಂ ಹುಡುಗ ಬುಕ್ಕಿನ ಮೊದಲ ಪುಟದಲ್ಲಿ ಆಗ್ಲೇ ಬರ್ಕೊಂಡು ಇಟ್ಟಿದ್ದಾನೆ.